ಬಿಡಿಎಸ್ ಸೀಟಿಗೆ ನೀಟ್ ತಯಾರಿ: 310 ಅಂಕದಿಂದ ಮೇಲಕ್ಕೆ ಏರುವುದು ಹೇಗೆ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಹಳ್ಳಿ. ಮಗಳು ಹತ್ತನೇ ತರಗತಿವರೆಗೆ ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದ್ದಾಳೆ. ಈಗ ದ್ವಿತೀಯ ಪಿಯು, ಪಿಸಿಎಂಬಿ. ದಂತವೈದ್ಯೆ ಆಗಬೇಕು ಅಂತ ಅವಳ ಆಸೆ. ಕಾಲೇಜಿನಲ್ಲಿ ಮಾಡಿದ ಮಾದರಿ ನೀಟ್‌ನಲ್ಲಿ 310 ಬಂದಿದೆ. ಜೀವಶಾಸ್ತ್ರದಲ್ಲಿ 60 ಸರಿ, 28 ತಪ್ಪು. ರಸಾಯನಶಾಸ್ತ್ರದಲ್ಲಿ 24 ಸರಿ, 18 ತಪ್ಪು. ಭೌತಶಾಸ್ತ್ರದಲ್ಲಿ 12 ಸರಿ, 28 ತಪ್ಪು. ದೊಡ್ಡ ಊರಿನ ಕೋಚಿಂಗ್‌ಗೆ ಕಳಿಸುವ ಶಕ್ತಿ ನಮಗಿಲ್ಲ. ಬಿಡಿಎಸ್‌ಗೆ ಬೇರೆ ಪರೀಕ್ಷೆ ಇದೆಯೇ? ಕನ್ನಡದಲ್ಲಿ ಬರೆಯಬಹುದೇ? ಇನ್ನು ಆರು ತಿಂಗಳಲ್ಲಿ ಏನು ಮಾಡಬೇಕು?

ಉತ್ತರ: ಬೇರೆ ಪರೀಕ್ಷೆ ಇಲ್ಲ. ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಒಂದೇ ನೀಟ್. ರಾಜ್ಯದ ಪ್ರವೇಶ ಪರೀಕ್ಷೆಯಾದ ಕೆ-ಸಿಇಟಿ ಬರೆದರೆ ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಸೀಟುಗಳಿಗೆ ದಾರಿಯಾಗುತ್ತದೆ. ಪರ್ಯಾಯವಾಗಿ ಅದನ್ನೂ ಬರೆಯಲಿ. ಆದರೆ ದಂತವೈದ್ಯಕೀಯ ಸೀಟು ನೀಟ್ ರ‍್ಯಾಂಕ್ ಮೇಲೆಯೇ ಹಂಚಿಕೆಯಾಗುತ್ತದೆ. ಹಾಗಾಗಿ ‘ಡೆಂಟಲ್‌ಗಾಗಿ ಪ್ರತ್ಯೇಕ ತಯಾರಿ’ ಎಂದು ಯಾರಾದರೂ ಪುಸ್ತಕವನ್ನೋ ಕ್ಲಾಸನ್ನೋ ಮಾರಲು ಬಂದರೆ ದುಡ್ಡು ಕೊಡಬೇಡಿ.

ಮೊದಲು ಪರೀಕ್ಷೆಯ ಅಳತೆ ತಿಳಿದಿರಲಿ. 2025ರಿಂದ ಒಟ್ಟು 180 ಪ್ರಶ್ನೆ, 180 ನಿಮಿಷ, 720 ಅಂಕ. ಜೀವಶಾಸ್ತ್ರ 90, ರಸಾಯನ 45, ಭೌತ 45. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. ಅದಕ್ಕೂ ಹಿಂದಿನ ನಾಲ್ಕು ವರ್ಷ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಬಿಡುತ್ತಿದ್ದರು. ಆ ಆಯ್ಕೆ ಈಗಿಲ್ಲ. ಹಳೆಯ ಮಾದರಿ ಪತ್ರಿಕೆಗಳಲ್ಲಿ ‘ವಿಭಾಗ ಬಿ, 15ರಲ್ಲಿ 10’ ಎಂದು ಕಂಡರೆ ಅದು ಮುಗಿದುಹೋದ ಪದ್ಧತಿ ಎಂದು ತಿಳಿಯಿರಿ. ಪ್ರಶ್ನೆಗಳನ್ನು ಅಭ್ಯಾಸ ಮಾಡಲಿ, ಸಮಯದ ಲೆಕ್ಕವನ್ನು ಮಾತ್ರ ಹೊಸ ಪದ್ಧತಿಯಂತೆ ಇಟ್ಟುಕೊಳ್ಳಲಿ.

‘ಎಷ್ಟು ಅಂಕ ಬಂದರೆ ಡೆಂಟಲ್ ಸೀಟು ಗ್ಯಾರಂಟಿ?’ ಎಂದು ಎಲ್ಲರೂ ಕೇಳುತ್ತಾರೆ. ಅಂಕದ ಲೆಕ್ಕದಲ್ಲಿ ಇದಕ್ಕೆ ಉತ್ತರ ಹುಡುಕುವುದೇ ತಪ್ಪು. 2024ರಲ್ಲಿ ಪೂರ್ತಿ 720 ಪಡೆದವರೇ ಹಲವರಿದ್ದರು. 2025ರಲ್ಲಿ ಭೌತಶಾಸ್ತ್ರ ತುಂಬ ಕಠಿಣವಾಗಿ, ದೇಶಕ್ಕೇ ಮೊದಲು ಬಂದವರ ಅಂಕ 686ಕ್ಕೆ ನಿಂತಿತು. ಸಾಮಾನ್ಯ ವರ್ಗದ ಅರ್ಹತಾ ಅಂಕವೂ 162ರಿಂದ 144ಕ್ಕೆ ಇಳಿಯಿತು. ಒಂದು ವರ್ಷದ 450 ಇನ್ನೊಂದು ವರ್ಷದ 450 ಅಲ್ಲ. ನೋಡಬೇಕಾದದ್ದು ರ‍್ಯಾಂಕ್. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ನಂತರ ಕಾಲೇಜುವಾರು, ಪ್ರವರ್ಗವಾರು ಕೊನೆಯ ರ‍್ಯಾಂಕ್ ಪ್ರಕಟಿಸುತ್ತದೆ. ಕಳೆದ ಎರಡು ವರ್ಷದ ಡೆಂಟಲ್ ಪಟ್ಟಿಗಳನ್ನು ಕೆಇಎ ಜಾಲತಾಣದಿಂದ ಇಳಿಸಿಕೊಂಡು, ನಿಮ್ಮ ಪ್ರವರ್ಗದ ಕಾಲಂನಲ್ಲಿ ಐದಾರು ಕಾಲೇಜುಗಳ ಕೊನೆಯ ರ‍್ಯಾಂಕ್ ಬರೆದಿಟ್ಟುಕೊಳ್ಳಿ. ಮಗಳ ಗುರಿ ಆ ಸಂಖ್ಯೆಗಳು.

ಇನ್ನೊಂದು ಎಚ್ಚರಿಕೆ. ‘ಅರ್ಹತೆ’ ಸಿಕ್ಕಿತು ಎಂದರೆ ಸೀಟು ಸಿಕ್ಕಿತು ಎಂದಲ್ಲ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್ (ಅಂದರೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲೆ), ಎಸ್‌ಸಿ, ಎಸ್‌ಟಿ, ಒಬಿಸಿಗೆ 40ನೇ ಪರ್ಸೆಂಟೈಲ್ ದಾಟಿದವರೆಲ್ಲ ಅರ್ಹರು. ಅದು ಬಾಗಿಲ ಹೊಸ್ತಿಲು ಮಾತ್ರ. ಸರ್ಕಾರಿ ಶುಲ್ಕದ ಸೀಟಿಗೆ ಅದಕ್ಕಿಂತ ಬಹಳ ಮೇಲೆ ಇರಬೇಕು.

ಈಗ 310ರ ಒಳಗೇನಿದೆ ನೋಡೋಣ. 96 ಸರಿ, 74 ತಪ್ಪು, 10 ಬಿಟ್ಟದ್ದು. ಜೀವಶಾಸ್ತ್ರದಿಂದ 212, ರಸಾಯನದಿಂದ 78, ಭೌತದಿಂದ 20. ನಿಮ್ಮ ಕಣ್ಣು ಭೌತಶಾಸ್ತ್ರದ 20ರ ಮೇಲೆ ಹೋಗಿರುತ್ತದೆ. ನಾನು ಮೊದಲು ಹಿಡಿಯುವುದು ಜೀವಶಾಸ್ತ್ರದ 28 ತಪ್ಪನ್ನು. ತಪ್ಪೊಂದು ಸರಿಯಾದರೆ ಬರುವುದು ನಾಲ್ಕಲ್ಲ, ಐದು ಅಂಕ: ಕಡಿತವಾದ ಒಂದು ವಾಪಸ್, ಮೇಲೆ ನಾಲ್ಕು. ಆ 28ರಲ್ಲಿ ಅರ್ಧ ಸರಿಪಡಿಸಿದರೆ 70 ಅಂಕ. ರಸಾಯನದಲ್ಲಿ 8 ತಪ್ಪು ಸರಿಯಾದರೆ 40. ಭೌತದಲ್ಲಿ 10 ಸರಿಯಾದರೆ 50. ಅಲ್ಲಿಗೆ 470. ಹೊಸ ಅಧ್ಯಾಯ ಒಂದೂ ಓದದೆ, ಓದಿದ್ದನ್ನೇ ಗಟ್ಟಿ ಮಾಡಿಕೊಂಡರೆ ಇದರಲ್ಲಿ ದೊಡ್ಡ ಪಾಲು ಕೈಗೆ ಬರುತ್ತದೆ. ‘ಎಷ್ಟು ಅಧ್ಯಾಯ ಮುಗಿಯಿತು’ ಎಂದು ಮಗಳನ್ನು ಕೇಳುವುದನ್ನು ಇವತ್ತೇ ಬಿಡಿ. ‘ಈ ವಾರ ಎಷ್ಟು ಅಂಕ ಸೋರಿತು, ಯಾಕೆ ಸೋರಿತು’ ಎಂದು ಕೇಳಿ.

ಸೋರಿಕೆ ಹಿಡಿಯಲು ಒಂದು 200 ಪುಟದ ನೋಟ್‌ಬುಕ್ ಸಾಕು. ಪ್ರತಿ ಮಾದರಿ ಪರೀಕ್ಷೆಯ ಪ್ರತಿಯೊಂದು ತಪ್ಪಿನ ಮುಂದೆ ಒಂದು ಅಕ್ಷರ ಬರೆಯಲಿ. ಗೊತ್ತಿರಲಿಲ್ಲ ಎಂದಾದರೆ ‘ಗೊ’. ಗೊತ್ತಿತ್ತು, ಪ್ರಶ್ನೆ ತಪ್ಪಾಗಿ ಓದಿದೆ ಎಂದಾದರೆ ‘ಓ’. ವಿಧಾನ ಸರಿ, ಲೆಕ್ಕ ತಪ್ಪಿತು ಎಂದಾದರೆ ‘ಲೆ’. ಎರಡು ಆಯ್ಕೆಗಳ ನಡುವೆ ಸಿಕ್ಕಿ ತಪ್ಪಿದ್ದು ಎಂದಾದರೆ ‘ಎ’. ಪಕ್ಕದಲ್ಲಿ ಸರಿ ಉತ್ತರದ ಸಾಲು ಪಠ್ಯಪುಸ್ತಕದ ಯಾವ ಪುಟದಲ್ಲಿದೆ ಎಂದು ಬರೆಯಲಿ. ಮೂರು ಪರೀಕ್ಷೆ ಆದಮೇಲೆ ಯಾವ ಅಕ್ಷರ ಹೆಚ್ಚಿದೆ ಎಂದು ಎಣಿಸಿ. ‘ಗೊ’ ಹೆಚ್ಚಿದ್ದರೆ ಓದು ಸಾಲದು. ‘ಎ’ ಹೆಚ್ಚಿದ್ದರೆ ಓದಿದ್ದಾಳೆ, ಆದರೆ ಪುಸ್ತಕ ಮುಚ್ಚಿ ನೆನಪಿಸಿಕೊಂಡಿಲ್ಲ. ‘ಓ’ ಹೆಚ್ಚಿದ್ದರೆ ಕಾರಣ ಭಾಷೆ ಅಥವಾ ಅವಸರ. ಮೂರು ಗಂಟೆಯ ಪರೀಕ್ಷೆಗೆ ಈ ಕೆಲಸವೂ ಮೂರು ಗಂಟೆ ತಿನ್ನುತ್ತದೆ. ಅದನ್ನು ಮಾಡಲು ಸಮಯವಿಲ್ಲದಿದ್ದರೆ ಆ ವಾರ ಮಾದರಿ ಪರೀಕ್ಷೆ ಬರೆಯುವುದೇ ಬೇಡ.

ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಈ ‘ಓ’ ಜಾಸ್ತಿ ಇರುತ್ತದೆ. ವಿಜ್ಞಾನ ಬರದೆ ಅಲ್ಲ, ಪ್ರಶ್ನೆಯ ಇಂಗ್ಲಿಷ್ ಕೈಕೊಡುತ್ತದೆ. ಕೈಕೊಡುವ ಪದಗಳು ಹತ್ತು ಹದಿನೈದೇ: ಇನ್‌ಕರೆಕ್ಟ್, ನಾಟ್, ಎಕ್ಸೆಪ್ಟ್, ರೆಸ್ಪೆಕ್ಟಿವ್ಲಿ, ಮೋಸ್ಟ್ ಅಪ್ರೋಪ್ರಿಯೇಟ್, ಅಟ್ ಲೀಸ್ಟ್, ಓನ್ಲಿ. ಪ್ರಶ್ನೆ ಓದುವಾಗ ಇಂಥ ಪದ ಕಂಡ ಕೂಡಲೇ ಪೆನ್ನಿನಿಂದ ಸುತ್ತು ಹಾಕುವ ಅಭ್ಯಾಸ ಮಾಡಿಸಿ. ಉತ್ತರ ಗುರುತಿಸುವ ಮುನ್ನ ಆ ಸುತ್ತಿನ ಮೇಲೆ ಒಮ್ಮೆ ಕಣ್ಣು ಹೋಗಬೇಕು. ಇಷ್ಟರಿಂದಲೇ ಪರೀಕ್ಷೆಗೆ ಐದಾರು ಪ್ರಶ್ನೆ ಉಳಿಯುವ ಮಕ್ಕಳಿದ್ದಾರೆ.

ಕನ್ನಡದಲ್ಲಿ ಬರೆಯಬಹುದೇ ಎಂಬುದಕ್ಕೆ: ಹೌದು, ನೀಟ್ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ಅರ್ಜಿ ತುಂಬುವಾಗಲೇ ಆರಿಸಿಕೊಳ್ಳಬೇಕು. ಕನ್ನಡ ಆರಿಸಿದರೆ ಪ್ರಶ್ನೆಪುಸ್ತಿಕೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುತ್ತವೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್‌ನಲ್ಲಿ ಇರುವುದೇ ಅಂತಿಮ. ನಿಮ್ಮ ಮಗಳು ಪಿಯು ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿದ್ದರೆ ಪಾರಿಭಾಷಿಕ ಪದಗಳೆಲ್ಲ ಅವಳ ತಲೆಯಲ್ಲಿ ಇಂಗ್ಲಿಷ್‌ನಲ್ಲೇ ಕೂತಿರುತ್ತವೆ. ‘ಮೈಟೋಸಿಸ್’ ಗೊತ್ತಿರುವವಳಿಗೆ ‘ಸಮವಿಭಜನೆ’ ಎಂಬಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಆದರೆ ನಾಲ್ಕು ಸಾಲಿನ ಹೇಳಿಕೆ ಅರ್ಥವಾಗದಿದ್ದಾಗ ಪಕ್ಕದ ಕನ್ನಡ ಕೈಹಿಡಿಯುತ್ತದೆ. ಊಹೆಯಿಂದ ತೀರ್ಮಾನಿಸಬೇಡಿ. ನೀಟ್ ನಡೆಸುವ ಎನ್‌ಟಿಎ ಜಾಲತಾಣದಲ್ಲಿ ಹಿಂದಿನ ವರ್ಷದ ಕನ್ನಡ ಪತ್ರಿಕೆ ಸಿಕ್ಕರೆ ಅದರಲ್ಲಿ ಒಂದು ಪರೀಕ್ಷೆ, ಬರಿ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪರೀಕ್ಷೆ ಬರೆಸಿ. ‘ಓ’ ತಪ್ಪು ಎಷ್ಟು, ಸಮಯ ಎಷ್ಟು ಉಳಿಯಿತು ಎಂದು ಹೋಲಿಸಿ, ಅರ್ಜಿ ತುಂಬುವ ಮೊದಲು ನಿರ್ಧರಿಸಿ. ದ್ವಿಭಾಷಾ ಪುಸ್ತಿಕೆ ತೆಗೆದುಕೊಂಡರೆ ಒಂದೇ ನಿಯಮ: ಮೊದಲು ಒಂದು ಭಾಷೆಯಲ್ಲಿ ಓದು, ಅರ್ಥವಾಗದಿದ್ದರೆ ಮಾತ್ರ ಇನ್ನೊಂದಕ್ಕೆ ಹೋಗು. ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಿದರೆ ಭೌತಶಾಸ್ತ್ರಕ್ಕೆ ಸಮಯ ಸಾಲುವುದಿಲ್ಲ.

ಓದಬೇಕಾದದ್ದು ಕೇಂದ್ರದ ಎನ್‌ಸಿಇಆರ್‌ಟಿ ಸಂಸ್ಥೆಯ ಪಠ್ಯಪುಸ್ತಕ. ನಮ್ಮ ಪಿಯು ವಿಜ್ಞಾನದ ಪಠ್ಯ ಅದೇ ಆದ್ದರಿಂದ ಹೊಸದಾಗಿ ಕೊಳ್ಳಬೇಕಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. 2024ರ ನೀಟ್‌ನಿಂದ ಪಠ್ಯಕ್ರಮ ಕಡಿಮೆಯಾಗಿದೆ, ಆದರೆ ಅದು ಪರಿಷ್ಕೃತ ಎನ್‌ಸಿಇಆರ್‌ಟಿಯ ಪಡಿಯಚ್ಚಲ್ಲ. ಜೀರ್ಣಕ್ರಿಯೆಯ ಅಧ್ಯಾಯ ಹೋಗಿದೆ. ದಂತವೈದ್ಯೆ ಆಗಬೇಕೆನ್ನುವ ಮಗು ಹಳೆಯ ಗೈಡ್‌ನಲ್ಲಿ ಮನುಷ್ಯನ ದಂತಸೂತ್ರವನ್ನು ಆಸೆಯಿಂದ ಓದುತ್ತಾ ಕೂರುವುದುಂಟು. ಅದು ಈಗ ನೀಟ್‌ಗೆ ಬೇಡ, ಬಿಡಿಎಸ್ ಸೇರಿದ ಮೇಲೆ ಬೇಕಾದಷ್ಟು ಓದುತ್ತಾಳೆ. ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಘನಸ್ಥಿತಿ, ಮೇಲ್ಮೈ ರಸಾಯನ, ಪಾಲಿಮರ್ ಇವೂ ಇಲ್ಲ. ಇದಕ್ಕೆ ತಿರುಗುಮುರುಗಾಗಿ, ಪುಸ್ತಕದ ಹೊಸ ಮುದ್ರಣದಲ್ಲಿ ಇಲ್ಲದ ಕೆಲವು ಪಠ್ಯಕ್ರಮದಲ್ಲಿವೆ: ರಸಾಯನದ ಪಿ-ಬ್ಲಾಕ್‌ನ 15ರಿಂದ 18ನೇ ಗುಂಪು, ಮಾಲ್ವೇಸಿ, ಕ್ರೂಸಿಫೆರಿ, ಲೆಗ್ಯುಮಿನೋಸಿ, ಕಂಪಾಸಿಟೆ, ಗ್ರಾಮಿನೆ ಸಸ್ಯ ಕುಟುಂಬಗಳು. ಜೊತೆಗೆ ಪ್ರಾಯೋಗಿಕ ರಸಾಯನ, ಭೌತಶಾಸ್ತ್ರದ ಪ್ರಾಯೋಗಿಕ ಕೌಶಲ ಎಂಬ ಘಟಕಗಳಿವೆ. ಹಳೆಯ ಮುದ್ರಣದ ಪುಸ್ತಕ ಸೀನಿಯರ್ ಯಾರಲ್ಲಾದರೂ ಇದ್ದರೆ ಪಿ-ಬ್ಲಾಕ್‌ನ ಪುಟಗಳನ್ನು ಜೆರಾಕ್ಸ್ ಮಾಡಿಸಿ. ಅಧಿಕೃತ ಪಠ್ಯಕ್ರಮವನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಓದಿದ ಸಾಲಿಗೆ ಗೀಟು ಹಾಕುತ್ತಾ ಹೋಗಲಿ.

ಜೀವಶಾಸ್ತ್ರದಲ್ಲಿ ಪ್ರಥಮ ಪಿಯು 19, ದ್ವಿತೀಯ ಪಿಯು 13, ಒಟ್ಟು 32 ಅಧ್ಯಾಯ. ವಾರಕ್ಕೆ ಮೂರರಂತೆ ಹನ್ನೊಂದು ವಾರ. ಕಾಲೇಜಿನ ತಯಾರಿಯಲ್ಲಿ ಪ್ರಥಮ ಪಿಯು ಮರೆತೇಹೋಗುತ್ತದೆ, ಏಕೆಂದರೆ ಮಾರ್ಚ್‌ನ ಪರೀಕ್ಷೆಗೆ ಅದು ಬೇಡ. ನೀಟ್‌ನಲ್ಲಿ ಸರಿಸುಮಾರು ಅರ್ಧ ಅಲ್ಲಿಂದಲೇ ಬರುತ್ತದೆ. ಆದ್ದರಿಂದ ವಾರದ ಮೂರರಲ್ಲಿ ಎರಡು ಪ್ರಥಮ ಪಿಯು, ಒಂದು ದ್ವಿತೀಯ ಪಿಯು ಇರಲಿ.

ಒಂದು ಅಧ್ಯಾಯವನ್ನು ಹೇಗೆ ಓದಬೇಕು ಎಂದು ಹತ್ತಿರದಿಂದ ನೋಡಿ. ಕೋಶಚಕ್ರ ಮತ್ತು ಕೋಶವಿಭಜನೆ ತೆಗೆದುಕೊಳ್ಳೋಣ. ಮೊದಲ ಓದಿನಲ್ಲಿ ಪೆನ್ಸಿಲ್ ಮಾತ್ರ. ಸಂಖ್ಯೆ, ಅಪವಾದ, ಹೋಲಿಕೆ ಇರುವ ಸಾಲಿಗೆ ಗೆರೆ: ಮನುಷ್ಯನ ಕೋಶ ಸುಮಾರು 24 ಗಂಟೆಗೊಮ್ಮೆ ವಿಭಜನೆ ಆಗುತ್ತದೆ, ಯೀಸ್ಟ್‌ಗೆ ಸುಮಾರು 90 ನಿಮಿಷ ಸಾಕು, ಆ 24 ಗಂಟೆಯಲ್ಲಿ ವಿಭಜನೆ ನಡೆಯುವ ಎಂ ಹಂತ ಸುಮಾರು ಒಂದೇ ಗಂಟೆ, ಎರಡು ವಿಭಜನೆಗಳ ನಡುವಿನ ಇಂಟರ್‌ಫೇಸ್ ಹಂತ ಶೇ 95ಕ್ಕೂ ಹೆಚ್ಚು. ಎರಡನೇ ಸಲ ಪುಸ್ತಕ ಮುಚ್ಚಿ, ಬಿಳಿ ಹಾಳೆಯಲ್ಲಿ ಪ್ರೊಫೇಸ್ ಒಂದರ ಐದು ಹಂತ ಬರೆದು ಪ್ರತಿಯೊಂದರ ಮುಂದೆ ಒಂದೇ ಘಟನೆ. ಲೆಪ್ಟೋಟೀನ್‌ನಲ್ಲಿ ಕ್ರೋಮೋಸೋಮ್ ಕ್ರಮೇಣ ಕಾಣಿಸಿಕೊಳ್ಳುತ್ತವೆ. ಜೈಗೋಟೀನ್‌ನಲ್ಲಿ ಜೋಡಿಯಾಗುತ್ತವೆ, ಇದೇ ಸಿನಾಪ್ಸಿಸ್. ಪ್ಯಾಕಿಟೀನ್‌ನಲ್ಲಿ ಕ್ರಾಸಿಂಗ್ ಓವರ್. ಡಿಪ್ಲೋಟೀನ್‌ನಲ್ಲಿ ಸಿನಾಪ್ಟೋನೀಮಲ್ ಕಾಂಪ್ಲೆಕ್ಸ್ ಕರಗಿ ಕಯಾಸ್ಮಾಟಾ ಕಾಣುತ್ತವೆ. ಡಯಾಕೈನೆಸಿಸ್‌ನಲ್ಲಿ ಆ ಕಯಾಸ್ಮಾಟಾ ತುದಿಗೆ ಸರಿಯುತ್ತವೆ. ಮೂರನೇ ಸಲ ಚಿತ್ರಗಳು: ಹೆಸರುಗಳನ್ನು ಕಾಗದದಿಂದ ಮುಚ್ಚಿ ಹೇಳಬೇಕು.

ಈಗ ಪ್ರಶ್ನೆ ಹೀಗೆ ಬರುತ್ತದೆ. ‘ಹೇಳಿಕೆ 1: ಸಿನಾಪ್ಸಿಸ್ ಜೈಗೋಟೀನ್‌ನಲ್ಲಿ ಆರಂಭವಾಗುತ್ತದೆ. ಹೇಳಿಕೆ 2: ಕಯಾಸ್ಮಾಟಾ ಪ್ಯಾಕಿಟೀನ್‌ನಲ್ಲಿ ಕಾಣಿಸಿಕೊಳ್ಳುತ್ತವೆ.’ ಮೂರು ಸಲ ಬರಿದೇ ಓದಿದವಳಿಗೆ ಎರಡೂ ಸರಿಯೆನಿಸುತ್ತದೆ, ಏಕೆಂದರೆ ಕ್ರಾಸಿಂಗ್ ಓವರ್, ಕಯಾಸ್ಮಾಟಾ, ಪ್ಯಾಕಿಟೀನ್ ಮೂರೂ ಒಂದೇ ಗಂಟಿನಲ್ಲಿ ನೆನಪಿರುತ್ತವೆ. ಹಾಳೆಯಲ್ಲಿ ಬರೆದವಳಿಗೆ ಗೊತ್ತು, ವಿನಿಮಯ ನಡೆಯುವುದು ಪ್ಯಾಕಿಟೀನ್‌ನಲ್ಲಿ, ಅದರ ಗುರುತು ಕಾಣುವುದು ಡಿಪ್ಲೋಟೀನ್‌ನಲ್ಲಿ. ‘ಎ’ ತಪ್ಪುಗಳು ಹುಟ್ಟುವ ಜಾಗ ಇದು. ಓದಿದಾಗ ಬರುವ ‘ಇದು ಗೊತ್ತು’ ಎಂಬ ಭಾವನೆಯನ್ನು ನಂಬಬಾರದು, ಖಾಲಿ ಹಾಳೆಯನ್ನು ನಂಬಬೇಕು. ರೋಗಗಳು ಮತ್ತು ರೋಗಾಣುಗಳು, ಹಾರ್ಮೋನ್‌ಗಳು, ಸಸ್ಯ ಬೆಳವಣಿಗೆಯ ನಿಯಂತ್ರಕಗಳು, ಪ್ರಾಣಿ ವಂಶಗಳ ಉದಾಹರಣೆಗಳು: ಇವೆಲ್ಲ ಇದೇ ವಿಧಾನಕ್ಕೆ ಹೇಳಿ ಮಾಡಿಸಿದವು. ಹೊಂದಿಸಿ ಬರೆಯುವ ಪ್ರಶ್ನೆಗಳು ಇಲ್ಲಿಂದಲೇ ಬರುತ್ತವೆ.

ರಸಾಯನವನ್ನು ಮೂರು ಬೇರೆ ವಿಷಯಗಳಂತೆ ಓದಲಿ. ನಿರವಯವ (ಇನಾರ್ಗ್ಯಾನಿಕ್) ಭಾಗವನ್ನು ಜೀವಶಾಸ್ತ್ರದಂತೆ, ಸಾಲುಸಾಲಾಗಿ. ಸಾವಯವ (ಆರ್ಗ್ಯಾನಿಕ್) ಭಾಗದಲ್ಲಿ ಪ್ರತಿ ಕ್ರಿಯೆಗೂ ಒಂದು ಬಾಣ, ಮೇಲೆ ಕಾರಕದ ಹೆಸರು, ಒಂದೇ ದೊಡ್ಡ ಹಾಳೆಯಲ್ಲಿ ಹೈಡ್ರೋಕಾರ್ಬನ್‌ನಿಂದ ಅಮೀನ್‌ವರೆಗೆ. ಆ ಹಾಳೆಯನ್ನು ವಾರಕ್ಕೊಮ್ಮೆ ನೋಡದೆ ಮತ್ತೆ ಬರೆಯಬೇಕು. ಭೌತ ರಸಾಯನದಲ್ಲಿ ಸೂತ್ರಕ್ಕಿಂತ ಲೆಕ್ಕದ ಕೈ ಮುಖ್ಯ, ಕ್ಯಾಲ್ಕುಲೇಟರ್ ಇರುವುದಿಲ್ಲ. ಲಾಗ್ 2 ಅಂದರೆ 0.301, ಲಾಗ್ 3 ಅಂದರೆ 0.477, ಇವೆರಡು ಬಾಯಿಪಾಠ ಇದ್ದರೆ 4, 5, 6, 8, 9ರ ಲಾಗ್ ತಾನಾಗಿ ಸಿಗುತ್ತದೆ. ಮೊದಲ ದರ್ಜೆಯ ಕ್ರಿಯೆ ಶೇ 99.9 ಮುಗಿಯಲು ಅರ್ಧಾಯುವಿನ ಹತ್ತರಷ್ಟು ಸಮಯ ಬೇಕು ಎಂಬಂಥ ಫಲಿತಾಂಶಗಳನ್ನು ಒಮ್ಮೆ ಕೈಯಾರೆ ಬಿಡಿಸಿ ನೋಡಿ, ಆಮೇಲೆ ನೇರವಾಗಿ ಬಳಸಬೇಕು. 2.303ನ್ನು ಲಾಗ್ 1000, ಅಂದರೆ 3ರಿಂದ ಗುಣಿಸಿದರೆ 6.909, ಅದನ್ನು 0.693ರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಿಮೆ ಅದೇ ಹತ್ತು.

ಭೌತಶಾಸ್ತ್ರದಲ್ಲಿ 40 ಮುಟ್ಟಿ 12 ಸರಿ ಎಂದರೆ ಹೆಚ್ಚುಕಡಿಮೆ ಕಣ್ಣುಮುಚ್ಚಿ ಗುರುತಿಸಿದಂತೆ. ಬೇಸರ ಮಾಡಿಕೊಳ್ಳಬೇಡಿ, ಹಳ್ಳಿ ಕಾಲೇಜುಗಳ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಆರು ತಿಂಗಳಲ್ಲಿ 45ಕ್ಕೆ 45 ಕಲಿಯಲು ಹೊರಟರೆ ಎಲ್ಲವೂ ಅರೆಬರೆ ಆಗುತ್ತದೆ. ಸೂತ್ರ ನೇರವಾಗಿ ಕೂರುವ ಘಟಕಗಳಿಂದ ಶುರು ಮಾಡಲಿ: ಮಾನಗಳು ಮತ್ತು ಅಳತೆ, ವಿದ್ಯುತ್ ಪ್ರವಾಹ, ಧಾರಕಗಳು, ಕಿರಣ ದೃಗ್ವಿಜ್ಞಾನ, ದ್ವಂದ್ವ ಸ್ವಭಾವ, ಪರಮಾಣು ಮತ್ತು ನ್ಯೂಕ್ಲಿಯಸ್, ಅರೆವಾಹಕಗಳು, ಉಷ್ಣಬಲವಿಜ್ಞಾನ, ಗುರುತ್ವ. ಪ್ರತಿಯೊಂದಕ್ಕೂ ಒಂದು ಪುಟದ ಸೂತ್ರ, ಪ್ರತಿ ಸೂತ್ರದ ಮುಂದೆ ಮಾನ, ಆಮೇಲೆ ಹಿಂದಿನ ಹತ್ತು ವರ್ಷದ ನೀಟ್ ಪ್ರಶ್ನೆಗಳಷ್ಟೇ. ಭ್ರಮಣ ಚಲನೆಯಂಥ ಘಟಕ ಕೊನೆಗೆ ಇರಲಿ.

ಪ್ರಾಯೋಗಿಕ ಕೌಶಲದ ಪ್ರಶ್ನೆಯೊಂದು ನೋಡಿ. ಸ್ಕ್ರೂ ಗೇಜ್‌ನ ಪಿಚ್ 0.5 ಮಿ.ಮೀ., ವೃತ್ತ ಸ್ಕೇಲ್‌ನಲ್ಲಿ 50 ಭಾಗ, ಶೂನ್ಯ ದೋಷ +0.03 ಮಿ.ಮೀ. ತಂತಿ ಹಿಡಿದಾಗ ಮುಖ್ಯ ಸ್ಕೇಲ್ 2.5 ಮಿ.ಮೀ., ವೃತ್ತ ಸ್ಕೇಲ್ 27. ವ್ಯಾಸ ಎಷ್ಟು? ಕನಿಷ್ಠ ಅಳತೆ 0.5ನ್ನು 50ರಿಂದ ಭಾಗಿಸಿ 0.01. ಓದಿದ ಅಳತೆ 2.5 ಕೂಡಿಸು 0.27, ಅಂದರೆ 2.77. ದೋಷ ಧನಾತ್ಮಕವಾದ್ದರಿಂದ ಕಳೆಯಬೇಕು: 2.74. ಆಯ್ಕೆಗಳಲ್ಲಿ 2.80, 2.77, 3.01 ಖಂಡಿತ ಇರುತ್ತವೆ. ದೋಷ ಕೂಡಿಸಿದವರಿಗೆ ಮೊದಲನೆಯದು, ದೋಷ ಮರೆತವರಿಗೆ ಎರಡನೆಯದು, ಪಿಚ್ 1 ಮಿ.ಮೀ. ಎಂದುಕೊಂಡವರಿಗೆ ಮೂರನೆಯದು ಸಿಗುತ್ತದೆ. ಹೀಗೆ ತಪ್ಪು ಆಯ್ಕೆ ಎಲ್ಲಿಂದ ಬಂತು ಎಂದು ಹುಡುಕುವ ಅಭ್ಯಾಸ ಭೌತಶಾಸ್ತ್ರವನ್ನು ಬೇಗ ಕಲಿಸುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್, ವರ್ನಿಯರ್ ಕೈಗೆ ತೆಗೆದುಕೊಂಡು ಅಳೆಯಲು ಉಪನ್ಯಾಸಕರನ್ನು ಕೇಳಿ.

‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ’ ಎಂದು ಮಕ್ಕಳಿಗೆ ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಏನೂ ಗೊತ್ತಿಲ್ಲದೆ ಗುರುತಿಸಿದರೆ ಸರಾಸರಿ ಪ್ರಶ್ನೆಗೆ ಕಾಲು ಅಂಕ ಲಾಭವೇ. ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ ಸುಮಾರು 0.67, ಎರಡು ತಪ್ಪೆಂದು ತಿಳಿದರೆ ಒಂದೂವರೆ ಅಂಕ. ಆದ್ದರಿಂದ ಎರಡು ಆಯ್ಕೆ ತೆಗೆದುಹಾಕಲು ಸಾಧ್ಯವಾದ ಪ್ರಶ್ನೆಯನ್ನು ಬಿಟ್ಟು ಬರಬಾರದು. ಏನೂ ತಿಳಿಯದ ಪ್ರಶ್ನೆಯಲ್ಲಿ ಸಿಗುವ ಲಾಭ ತೀರಾ ಚಿಕ್ಕದು, ಮೇಲಾಗಿ ಅಂಕ ಸಮನಾದಾಗ ಮೊದಲು ಜೀವಶಾಸ್ತ್ರ, ರಸಾಯನ, ಭೌತದ ಅಂಕ ನೋಡಿ, ಆಮೇಲೆ ತಪ್ಪುಗಳ ಪ್ರಮಾಣ ಕಡಿಮೆ ಇದ್ದವರನ್ನು ಮೇಲಿಡುತ್ತಾರೆ. ಅಂಥ ಪ್ರಶ್ನೆಯಲ್ಲಿ ಎರಡು ನಿಮಿಷ ಕಳೆಯುವುದು ಮಾತ್ರ ನಿಜವಾದ ನಷ್ಟ.

ಸಮಯದ ಹಂಚಿಕೆ ನನ್ನ ಲೆಕ್ಕದಲ್ಲಿ ಹೀಗೆ: ಜೀವಶಾಸ್ತ್ರ 50 ನಿಮಿಷ, ರಸಾಯನ 50, ಭೌತ 65, ಉಳಿದ 15 ಬಿಟ್ಟ ಪ್ರಶ್ನೆಗಳಿಗೆ. ಇದರಲ್ಲಿ ಒಎಂಆರ್, ಅಂದರೆ ಉತ್ತರದ ವೃತ್ತಗಳಿರುವ ಹಾಳೆ ತುಂಬುವುದೂ ಸೇರಿದೆ. ಒಂದು ವೃತ್ತಕ್ಕೆ 5 ಸೆಕೆಂಡ್ ಎಂದರೂ 180ಕ್ಕೆ 15 ನಿಮಿಷ ಬೇಕು. ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಎಂದು ಇಟ್ಟುಕೊಂಡವರು ಬೆಲ್ ಹೊಡೆದಾಗ ಇಪ್ಪತ್ತು ಪ್ರಶ್ನೆ ಬಾಕಿ ಉಳಿಸಿಕೊಳ್ಳುತ್ತಾರೆ. ಅದಕ್ಕಿಂತ ಅನಾಹುತ, ಒಂದು ಪ್ರಶ್ನೆ ಬಿಟ್ಟದ್ದು ಮರೆತು 62ರ ಉತ್ತರವನ್ನು 61ರಲ್ಲಿ ತುಂಬಿದರೆ ಅಲ್ಲಿಂದ ಕೆಳಗೆ ಎಲ್ಲವೂ ಜಾರುತ್ತದೆ. ಪುಸ್ತಿಕೆಯ ಒಂದೊಂದು ಪುಟ ಮುಗಿದಂತೆ ತುಂಬುವುದು ಕ್ಷೇಮ. ಕಪ್ಪು ಬಾಲ್ ಪೆನ್ನನ್ನು ಕೇಂದ್ರದಲ್ಲೇ ಕೊಡುತ್ತಾರೆ, ತುಂಬಿದ್ದನ್ನು ಅಳಿಸಲಾಗದು, ಎರಡು ವೃತ್ತ ತುಂಬಿದರೆ ತಪ್ಪೆಂದೇ ಲೆಕ್ಕ. ಕೈಗಡಿಯಾರ ಒಳಗೆ ಬಿಡುವುದಿಲ್ಲ, ಹಾಗಾಗಿ ಮನೆಯಲ್ಲೂ ಗೋಡೆ ಗಡಿಯಾರ ನೋಡಿಯೇ ಬರೆಯಲಿ.

ಪರೀಕ್ಷೆ ಮಧ್ಯಾಹ್ನ 2ರಿಂದ 5. 2023, 2024, 2025 ಮೂರೂ ವರ್ಷ ಮೇ ತಿಂಗಳ ಮೊದಲ ಭಾನುವಾರ ನಡೆಯಿತು. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಎಂದರೆ ಊಟ ಮಾಡಿ ತೂಕಡಿಸುವ ಹೊತ್ತು. ಮಾದರಿ ಪರೀಕ್ಷೆಗಳನ್ನು ಬೆಳಗಿನ ತಂಪಿನಲ್ಲಿ ಬರೆಸಬೇಡಿ, ಭಾನುವಾರ ಮಧ್ಯಾಹ್ನ 2ಕ್ಕೇ ಕೂರಿಸಿ, ಮುದ್ರಿಸಿದ ಒಎಂಆರ್ ಹಾಳೆ ಕೊಟ್ಟು. ಜನವರಿ ಕೊನೆಯವರೆಗೆ ಹದಿನೈದು ದಿನಕ್ಕೊಂದು ಸಾಕು. ಫೆಬ್ರುವರಿ ಮತ್ತು ಪಿಯು ಪರೀಕ್ಷೆ ಮುಗಿಯುವವರೆಗೆ ಕಾಲೇಜಿನ ಓದಿಗೇ ಬಿಡಿ. ನೀಟ್ ಅಂಕವಿದ್ದರೂ ಪಿಯುವಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಇಲ್ಲದಿದ್ದರೆ ಪ್ರವೇಶ ಇಲ್ಲ. ಆಮೇಲೆ ಉಳಿಯುವ ಐದಾರು ವಾರದಲ್ಲಿ ವಾರಕ್ಕೆ ಎರಡು ಪರೀಕ್ಷೆ, ಕೊನೆಯ ಐದು ದಿನ ಪರೀಕ್ಷೆಯೂ ಬೇಡ, ತಪ್ಪಿನ ನೋಟ್‌ಬುಕ್ ಮಾತ್ರ.

ಕೋಚಿಂಗ್ ಇಲ್ಲ ಎಂಬ ಕೊರತೆ ನಿಜ, ಆದರೆ ತುಂಬಬಹುದಾದದ್ದು. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತ. ಹಿಂದಿನ ಪ್ರಶ್ನೆಪತ್ರಿಕೆಗಳೂ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ ‘ಸಾಥಿ’ ಪೋರ್ಟಲ್‌ನಲ್ಲಿ ನೀಟ್ ಪಾಠ, ಮಾದರಿ ಪರೀಕ್ಷೆಗಳಿಗೆ ದುಡ್ಡಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಭೌತಶಾಸ್ತ್ರಕ್ಕೆ ವಾರಕ್ಕೆರಡು ಸಲ ಸಂದೇಹ ಬಿಡಿಸುವ ಒಬ್ಬ ಉಪನ್ಯಾಸಕರಿಗೆ ಕೊಡಿ.

ಕೊನೆಯದು ಕಾಗದಪತ್ರ. ನಿಮ್ಮ ಮಗಳ ವಿಷಯದಲ್ಲಿ ಇದಕ್ಕೆ ಅಂಕದಷ್ಟೇ ತೂಕವಿದೆ. ರಾಜ್ಯದ ಸರ್ಕಾರಿ ಕೋಟಾ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಕೊಪ್ಪಳ 371ಜೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲು ಕೊಡುವ ಸಂವಿಧಾನದ ವಿಧಿಯ ವ್ಯಾಪ್ತಿಯ ಜಿಲ್ಲೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಅಲ್ಲಿಯವರಿಗೆ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಕಲಬುರಗಿ, ರಾಯಚೂರು, ಬೀದರ್‌ಗಳಲ್ಲಿ ಖಾಸಗಿ ಡೆಂಟಲ್ ಕಾಲೇಜುಗಳಿವೆ. ಇವೆಲ್ಲ ಅರ್ಜಿಯಲ್ಲಿ ಟಿಕ್ ಹಾಕಿದರೆ ಸಿಗುವುದಿಲ್ಲ, ಪ್ರಮಾಣಪತ್ರ ಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿ ಬೇಕು. 371ಜೆ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಹೆಸರಿನ ಇನಿಷಿಯಲ್, ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಈಗಲೇ ಸರಿಪಡಿಸಿ. ಫಲಿತಾಂಶ ಬಂದಮೇಲೆ ಕಚೇರಿಗೆ ಓಡಿದವರು ಸರತಿಯಲ್ಲಿ ನಿಂತಿರುವಾಗಲೇ ಪರಿಶೀಲನೆಯ ದಿನ ಕಳೆದುಹೋಗಿರುತ್ತದೆ. ಡಿಸೆಂಬರ್ ಒಳಗೆ ಎಲ್ಲವನ್ನೂ ಒಂದು ಫೈಲಿಗೆ ಹಾಕಿಡಿ.

ನೀಟ್ ಅರ್ಜಿ ಬೇರೆ, ಕೆಇಎ ನೋಂದಣಿ ಬೇರೆ. ಎರಡನೆಯದನ್ನು ಮರೆತವರಿಗೆ ರ‍್ಯಾಂಕ್ ಇದ್ದೂ ರಾಜ್ಯದ ಸೀಟು ಇಲ್ಲ. ಸರ್ಕಾರಿ ಡೆಂಟಲ್ ಕಾಲೇಜುಗಳ ಶೇ 15 ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟಿಗೆ ಎಂಸಿಸಿ ಎಂಬ ಕೇಂದ್ರದ ಸಮಿತಿಯಲ್ಲಿ ಪ್ರತ್ಯೇಕ ನೋಂದಣಿ ಬೇಕು. ಡೀಮ್ಡ್ ಕಾಲೇಜುಗಳ ಶುಲ್ಕ ನಿಮ್ಮ ಸ್ಥಿತಿಗೆ ಹೊರೆ, ಅಲ್ಲಿನ ನೋಂದಣಿಗೆ ಠೇವಣಿ ಕಟ್ಟುವ ಮುನ್ನ ಶುಲ್ಕದ ಪಟ್ಟಿ ನೋಡಿ. ಕೆಇಎಯಲ್ಲಿ ಆಯ್ಕೆ ತುಂಬುವಾಗ ನಿಜವಾಗಿ ಬೇಕಾದ ಕ್ರಮದಲ್ಲೇ ತುಂಬಬೇಕು, ‘ಇದು ಸಿಗಲಾರದು’ ಎಂದು ಒಳ್ಳೆಯ ಕಾಲೇಜನ್ನು ಕೆಳಗಿಟ್ಟರೆ ಲಾಭವಿಲ್ಲ. ಮೇಲಿನದು ಸಿಗದಿದ್ದರೆ ಗಣಕ ತಾನಾಗಿ ಕೆಳಗಿನದಕ್ಕೆ ಬರುತ್ತದೆ. ಒಂದೇ ಕಾಲೇಜಿನ ಸರ್ಕಾರಿ ಕೋಟಾ ಸೀಟು ಮತ್ತು ಖಾಸಗಿ ಕೋಟಾ ಸೀಟು ಪಟ್ಟಿಯಲ್ಲಿ ಬೇರೆ ಬೇರೆ ಬರುತ್ತವೆ, ಶುಲ್ಕದಲ್ಲಿ ಭಾರಿ ವ್ಯತ್ಯಾಸ ಇರುತ್ತದೆ. ಕಟ್ಟಲಾಗದ ಸೀಟನ್ನು ಪಟ್ಟಿಗೇ ಸೇರಿಸಬೇಡಿ. ನಿಜವಾದ ಹಂಚಿಕೆಗೆ ಮುಂಚೆ ಪ್ರಯೋಗಾರ್ಥ ನಡೆಸುವ ಅಣಕು ಹಂಚಿಕೆಯ ಫಲಿತಾಂಶ ಬಂದ ದಿನ, ತುಂಬಿದ ಕಾಲೇಜು ಕೋಡ್‌ಗಳನ್ನು ಇನ್ನೊಮ್ಮೆ ಪರಿಶೀಲಿಸಿ, ತಿದ್ದಲು ಇರುವ ಅವಕಾಶ ಅದೇ. ಸೀಟು ಒಪ್ಪಿಕೊಂಡು ಬಿಟ್ಟರೆ ದಂಡ ಬೀಳುವ ಸುತ್ತುಗಳಿರುತ್ತವೆ, ಆದ್ದರಿಂದ ಆ ವರ್ಷದ ನಿಯಮಗಳನ್ನು ಮೊದಲೇ ಓದಿಕೊಂಡಿರಿ.